ನಿಧಿ, ನಿಕ್ಷೇಪ, ಜಪ್ತಿ

ಮಧುಗಿರಿಯ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ನಮ್ಮಪ್ಪ ಹಾಕಿಕೊಂಡಿದ್ದ ಮೇಜಿನ ಮೇಲೇ ನಾನೂ ನಲವತ್ತು ವರ್ಷ ಪತ್ರ ಬರೆದೆ. ಕ್ರಯ, ಭೋಗ್ಯ, ವಿಭಾಗ, ದಾನ, ಖುಲಾಸೆ, ಎಲ್ಲವನ್ನೂ ಬರೆದಿದ್ದೇನೆ. ಹೋದ ಮಾಘದಲ್ಲಿ ಮಾತ್ರ ಹಿಂದೆಂದೂ ಯಾರೂ ಕೇಳದಿದ್ದ ಪತ್ರವೊಂದನ್ನು ಕೇಳಿಕೊಂಡು ಶಿರಾ ಕಡೆಯ ಹುಡುಗನೊಬ್ಬ ಬಂದ. ಹೆಗಲಿಗೆ ಉದ್ದನೆಯ ಚೀಲ. ಒಳಗೆ ಲೋಹ ಶೋಧಕ ಯಂತ್ರ, ಆನ್‌ಲೈನಿನಲ್ಲಿ ತರಿಸಿದ್ದಂತೆ.

‘ಮಿಡಿಗೇಶಿ ಹೋಬಳೀಲಿ ಒಂದು ಹಳೇ ತೊಟ್ಟಿಮನೆ ಐತೆ ಸ್ವಾಮಿ. ಸಾಲ ಕಟ್ಟಿಲ್ಲಾಂತ ಬ್ಯಾಂಕಿನೋರು ಬೀಗ ಹಾಕವ್ರೆ. ಹರಾಜಾಗೋದ್ರೊಳಗೆ ಒಂದು ದಿನ ಒಳಗೆ ಯಂತ್ರ ಆಡಿಸ್ಬೇಕು. ಪರ್ಮಿಷನ್ನಿಗೆ ಒಂದು ಅರ್ಜಿ ಬರ್ಕೊಡಿ.’

‘ಯಾರಿಗಪ್ಪ ಅರ್ಜಿ?’ ಅಂದೆ.

‘ಬ್ಯಾಂಕಿಗೆ. ಮನೆ ಈಗ ಅವರದ್ದೇ ಅಲ್ವಾ?’

ಅಲ್ಲ. ಅದನ್ನು ಹೇಳಬೇಕಾದರೆ ನಾನು ಎಂಟು ನೂರು ವರ್ಷ ಹಿಂದಕ್ಕೆ ಹೋಗಬೇಕು.

ನಮ್ಮ ಸೀಮೆಯ ಯಾವ ಹಳೆಯ ಕ್ರಯಪತ್ರ ಬಿಚ್ಚಿದರೂ ಒಂದು ಸಾಲು ಸಿಗುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ತೇಜಸ್ವಾಮ್ಯ. ಇದು ವಕೀಲರು ಹುಟ್ಟಿಸಿದ್ದಲ್ಲ, ದಾನಶಾಸನದ ಭಾಷೆ. ಬಿ.ಎಲ್. ರೈಸ್ ಸಾಹೇಬರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಅದರ ಹಾಳೆ ತಿರುವುತ್ತಿದ್ದರೆ ನನ್ನ ಕಸುಬಿನ ಮಾತುಗಳೇ ಕಲ್ಲಿನ ಮೇಲಿಂದ ಎದ್ದುಬಂದ ಹಾಗೆ ಕಾಣುತ್ತವೆ. ರಾಜ ಊರನ್ನು ದಾನ ಕೊಟ್ಟರೆ ನೆಲದ ಜತೆ ನೆಲದೊಳಗಿನದೂ ತಾನಾಗಿ ಸೇರಿ ಹೋಗುತ್ತದೆಂದು ಯಾರೂ ತಿಳಿಯುತ್ತಿರಲಿಲ್ಲ. ಅದನ್ನು ಹೆಸರಿಟ್ಟು, ಬಿಡಿಬಿಡಿಯಾಗಿ ಬರೆದುಕೊಡುತ್ತಿದ್ದರು. ‘ನಿಧಿಯ ಒಡೆಯ ಯಾರೂಂತ ಮರೆತುಹೋಗಿರುತ್ತೆ, ನಿಕ್ಷೇಪಕ್ಕೆ ಒಡೆಯ ಇನ್ನೂ ಇರ್ತಾನೆ, ಅದಕ್ಕೇ ಎರಡು ಪದ’ ಎಂದು ನಮ್ಮಪ್ಪ ಹೇಳಿಕೊಟ್ಟಿದ್ದ. ನಲವತ್ತು ವರ್ಷದಲ್ಲಿ ಆ ಎರಡರಲ್ಲಿ ಒಂದನ್ನೂ ನಾನು ಬಿಟ್ಟು ಬರೆದಿಲ್ಲ.

ಒಡೆಯನನ್ನು ಎಬ್ಬಿಸಿ ಮನೆ ಜಪ್ತಿ ಮಾಡುವುದು ಇಲ್ಲಿ ಬ್ಯಾಂಕುಗಳಿಂದ ಶುರುವಾದದ್ದಲ್ಲ. 1678ರಲ್ಲಿ ಚಿಕ್ಕದೇವರಾಜ ಒಡೆಯರ ದಳವಾಯಿ ಮದ್ದಗಿರಿಯನ್ನು ಹಿಡಿದ. ಆಗ ನಮ್ಮೂರಿಗೆ ಆ ಹೆಸರು, ಮಧುಗಿರಿ ಆದದ್ದು ಆಮೇಲೆ. ಕೋಟೆ ಆಳುತ್ತಿದ್ದ ಗೌಡರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದರು. ಆಮೇಲೆ ಬಿಟ್ಟು, ಜೀವನಕ್ಕೆ ಮಿಡಿಗೇಶಿಯನ್ನು ಕೊಟ್ಟರು. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದಾಗ ಕೆಳದಿಯ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಲ್ಲಿಟ್ಟದ್ದು ಇದೇ ಬೆಟ್ಟದ ಮೇಲೆ. 1767ರಲ್ಲಿ ಪೇಶ್ವೆ ಮಾಧವರಾಯನ ದಂಡು ಬಂದು ಬಿಡಿಸುವ ತನಕ ಆಕೆ ಈ ಬಂಡೆಯ ಮೇಲೇ ಇದ್ದಳು. ಬಿದನೂರಿನ ಹೊನ್ನು ಇಲ್ಲೆಲ್ಲೋ ಹೂತಿದೆ ಎಂದು ಗುದ್ದಲಿ ಹಿಡಿದು ಬರುವವರನ್ನು ನಾನು ಬಲ್ಲೆ. ರಾಜ್ಯ ಕಳೆದುಕೊಂಡು ಸೆರೆಯಾಗಿ ಬಂದ ಹೆಣ್ಣುಮಗಳ ಕೈಯಲ್ಲಿ ಏನಿದ್ದೀತು ಎಂದು ಅವರು ಒಂದು ಗಳಿಗೆಯೂ ಯೋಚಿಸುವುದಿಲ್ಲ.

ನನಗೆ ಹೆಚ್ಚು ಕಾಡುವುದು ಶಿರಾದ ಕಥೆ. ರತ್ನಗಿರಿಯ ರಂಗಪ್ಪ ನಾಯಕ ಕಟ್ಟಲು ತೊಡಗಿದ ಊರು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಹಿಡಿದ. 1687ರ ಮೇಲೆ ಮೊಗಲರ ಸುಬಾದ ರಾಜಧಾನಿಯಾಯಿತು. ಸುಬೇದಾರ ದಿಲಾವರ್ ಖಾನನ ಕಾಲಕ್ಕೆ ಅಲ್ಲಿ 50,000 ಮನೆಗಳಿದ್ದವಂತೆ. ಬಳಿಕ ಮರಾಠರು, ಹೈದರ್, ಮತ್ತೆ ಮರಾಠರು, ಮತ್ತೆ ಮೈಸೂರಿನವರು. ಕೊನೆಗೆ ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಕಟ್ಟುವಾಗ ಟಿಪ್ಪು ಇಲ್ಲಿಂದ 12,000 ಕುಟುಂಬಗಳನ್ನು ಎಬ್ಬಿಸಿ ಸಾಗಿಸಿದನೆಂದು ರೈಸರ ಗೆಜೆಟಿಯರು ಹೇಳುತ್ತದೆ. ನೇಕಾರರು, ವರ್ತಕರು, ಕಸುಬುದಾರರು ಗಾಡಿ ಹೂಡಿಕೊಂಡು ಹೊರಟದ್ದನ್ನು ಊಹಿಸಿಕೊಳ್ಳಿ. ದಾರಿಯಲ್ಲಿ ಕಳ್ಳರ ಭಯ. ಮರಳಿ ಬರುತ್ತೇವೆಂಬ ಆಸೆ. ಅಂಥವರು ಕುಡಿಕೆಯನ್ನು ಒಲೆಯ ಕೆಳಗೆ ಹೂತು ಹೋಗಿರಬಹುದು. ಹಾಗಿದ್ದರೆ ನಮ್ಮಪ್ಪನ ಲೆಕ್ಕದಲ್ಲಿ ಅದು ನಿಧಿಯಲ್ಲ, ನಿಕ್ಷೇಪ.

ಹೂಳುವುದು ಆಗ ಗುಟ್ಟಿನ ಕೆಲಸವೇನೂ ಅಲ್ಲ, ದಿನದ ಬದುಕು. ನಮ್ಮ ಕಡೆ ರಾಗಿಯನ್ನೇ ಹಗೇವಿನಲ್ಲಿ ಹೂಳುತ್ತಿದ್ದರು. ಕಿರಿದಾದ ಬಾಯಿ, ಒಳಗೆ ಗುಡಾಣದಂತೆ ಅಗಲ, ಬಾಯಿಗೆ ಚಪ್ಪಡಿ, ಮೇಲೆ ಮಣ್ಣು. ಹುಳ ಮುಟ್ಟದ ಧಾನ್ಯ ಅದು, ವರ್ಷಗಟ್ಟಲೆ ಇರುತ್ತಿತ್ತು. ದಂಡು ಬಂದಾಗ, ಮಳೆ ಕೈಕೊಟ್ಟಾಗ ಊರನ್ನು ಉಳಿಸಿದ್ದು ಹಗೇವು.

ಇನ್ನು ಕಾನೂನು. ಬ್ರಿಟಿಷರು 1878ರಲ್ಲಿ ನಿಧಿ ಕಾಯ್ದೆ ತಂದರು. ನೆಲದಲ್ಲಿ ಸಿಕ್ಕಿದ್ದು ಹತ್ತು ರೂಪಾಯಿಗೆ ಮೀರಿದ್ದರೆ ಕಲೆಕ್ಟರಿಗೆ ತಿಳಿಸಲೇಬೇಕು. ಕಳೆದ ನೂರು ವರ್ಷದೊಳಗೆ ಹೂತವರ ಕಡೆಯವರಿದ್ದರೆ ಬಂದು ಕೇಳಬಹುದು. ಒಡೆಯರಿಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದವಿಲ್ಲದಿದ್ದಾಗ, ಸಿಕ್ಕವನಿಗೆ ಮುಕ್ಕಾಲು, ಜಾಗದ ಒಡೆಯನಿಗೆ ಕಾಲು. ಬಚ್ಚಿಟ್ಟರೆ ಪಾಲೂ ಇಲ್ಲ, ಒಂದು ವರ್ಷದ ತನಕ ಜೈಲು. 1962ರಲ್ಲಿ ನಮ್ಮ ರಾಜ್ಯವೇ ತನ್ನದೊಂದು ಕಾಯ್ದೆ ಮಾಡಿಕೊಂಡಿತು. ಈಗ ಸಿಕ್ಕಿದ್ದನ್ನು ತಿಳಿಸಬೇಕಾದ್ದು ಜಿಲ್ಲಾಧಿಕಾರಿಗೆ. ಮಧುಗಿರಿ ಕೋಟೆಯಂತೂ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿ ಗುಂಡಿ ತೋಡುವುದೇ ಅಪರಾಧ. ನಿಧಿಯ ಹೆಸರಲ್ಲಿ ನಡೆಯುವ ಅಮಾನುಷ ವಾಮಾಚಾರವನ್ನು 2017ರ ಕಾಯ್ದೆ ಹೆಸರಿಟ್ಟೇ ನಿಷೇಧಿಸಿದೆ. ಆದರೂ ಕೊರಟಗೆರೆಯ ಚನ್ನರಾಯನದುರ್ಗದಲ್ಲಿ, ಪಾವಗಡದ ನಿಡುಗಲ್ಲಿನಲ್ಲಿ ಗರ್ಭಗುಡಿಯ ಹಾಸುಗಲ್ಲು ಕಿತ್ತದ್ದನ್ನು ನೋಡಿ ನಾನು ಅಲ್ಲೇ ಕುಸಿದು ಕೂತಿದ್ದೇನೆ. ಎಂಟು ನೂರು ವರ್ಷ ನಿಂತ ಗುಡಿ ಒಂದು ಅಮಾವಾಸ್ಯೆಗೆ ಹಾಳಾದರೆ ಯಾವ ಹೊನ್ನು ಅದನ್ನು ತುಂಬಿಕೊಟ್ಟೀತು?

ಇಷ್ಟನ್ನೂ ಹುಡುಗ ಸುಮ್ಮನೆ ಕೇಳಿದ. ‘ನಾನು ಗುಡಿ ಮುಟ್ಟಲ್ಲ ಸ್ವಾಮಿ, ಅದಕ್ಕೇ ಬೀಗ ಹಾಕಿದ ಮನೆ ಕೇಳ್ತಿರೋದು’ ಅಂದ. ಆ ಮಾತು ನನಗೆ ಹಿಡಿಸಿತು. ಕೂರಿಸಿಕೊಂಡು ಬಿಡಿಸಿ ಹೇಳಿದೆ. ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಅರವತ್ತು ದಿನದ ನೋಟಿಸು ಕೊಟ್ಟು, ಆಮೇಲೆ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುತ್ತದೆ. ಹೊಲಕ್ಕೆ ಆ ಕಾಯ್ದೆ ಮುಟ್ಟುವುದಿಲ್ಲ, ಅದಕ್ಕೆ ಕೋರ್ಟು, ಅಮೀನರ ದಾರಿ ಬೇರೆ. ಸ್ವಾಧೀನವಾದ ಮಾತ್ರಕ್ಕೆ ಒಡೆತನ ಬದಲಾಗದು. ಹರಾಜಿನ ಪ್ರಕಟಣೆ ಹೊರಡುವ ತನಕ ಸಾಲಗಾರ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳಬಹುದು. ಅಲ್ಲಿಯವರೆಗೆ ಬ್ಯಾಂಕಿನ ಅಧಿಕಾರಿ ಕಾವಲುಗಾರ. ವಿವೇಕವಿರುವ ಒಡೆಯ ತನ್ನ ಆಸ್ತಿ ನೋಡಿಕೊಳ್ಳುವ ಹಾಗೆ ಆತ ನೋಡಿಕೊಳ್ಳಬೇಕೆಂದು ನಿಯಮವೇ ಇದೆ. ನೆಲ ಅಗೆಯಲು ಬೇರೆಯವನಿಗೆ ಅಪ್ಪಣೆ ಕೊಡುವುದು ಅವನ ಕೈಯಲ್ಲಿಲ್ಲ.

ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳಲ್ಲಿ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಹೋಯಿತಲ್ಲ, ಅಲ್ಲಿ ರೈತರು ಭೂಮಿ ಮಾರಲಿಲ್ಲ, ಗುತ್ತಿಗೆ ಕೊಟ್ಟರು. ಕಣ್ಣು ಹಾಯುವಷ್ಟು ದೂರ ಗಾಜು ಹಾಸಿದರೂ ಕೆಳಗಿನ ಮಣ್ಣು ಪಹಣಿಯಲ್ಲಿ ಹೆಸರಿದ್ದವರದ್ದೇ. ಬೀಗ ಬಿದ್ದ ಮನೆಯದೂ ಅದೇ ನ್ಯಾಯ.

‘ಯಂತ್ರ ನಂಬ್ಕೋಬೇಡ’ ಎಂದೂ ಹೇಳಿದೆ. 1800ರಲ್ಲಿ ಈ ದಾರಿಯಲ್ಲಿ ಬಂದ ಪ್ರವಾಸಿ ಬುಕಾನನ್, ಹಳ್ಳದ ಕಪ್ಪು ಮರಳನ್ನು ತೊಳೆದು ಕುಲುಮೆಯಲ್ಲಿ ಕಬ್ಬಿಣ ತೆಗೆಯುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ಕುಲುಮೆಗಳ ಕಿಟ್ಟ ಇಂದಿಗೂ ಹೊಲಗಳಲ್ಲಿ ನೇಗಿಲಿಗೆ ತಾಗುತ್ತದೆ. ಇಲ್ಲಿ ಯಂತ್ರ ಕೂಗದ ಜಾಗವೇ ಕಡಿಮೆ.

ಆಮೇಲೆ ಅವನನ್ನು ಕರೆದುಕೊಂಡು ಆ ಮನೆಯ ಅಜ್ಜಿಯನ್ನು ಹುಡುಕಿ ಹೋದೆ. ಮನೆಯ ಖಾತೆ ಇದ್ದದ್ದು ಆಕೆಯ ಹೆಸರಲ್ಲಿ. ಮಗನ ಬೋರ್‌ವೆಲ್‌ಗಳು ಬತ್ತಿ ಸಾಲ ಬೆಳೆದಿತ್ತು. ಈಗ ಮಗಳ ಮನೆಯ ಪಡಸಾಲೆಯಲ್ಲಿದ್ದಳು. ಹುಡುಗ ತನ್ನ ಕೋರಿಕೆಯನ್ನು ನಾಚಿಕೆಯಿಂದಲೇ ಹೇಳಿದ. ಅಜ್ಜಿ ಚೀಲವನ್ನೊಮ್ಮೆ ನೋಡಿದಳು.

‘ಅಡಿಗೆಮನೆ ಬಾಗ್ಲಿಂದ ಮೂರು ಹೆಜ್ಜೆಗೆ ಚಪ್ಪಡಿ ಐತೆ ಕಣಪ್ಪ, ಅದಕ್ಕೆ ಮಿಷನ್ನು ಯಾಕೆ? ನಮ್ಮತ್ತೆ ಕಾಲದ ಹಗೇವು. ಬರಗಾಲದಾಗೆ ಎಲ್ಲಾ ತಗ್ದು ಉಂಡ್ವಿ. ಈಗೇನೂ ಇಲ್ಲ.’ ಆಮೇಲೆ ನನ್ನ ಕಡೆ ತಿರುಗಿದಳು. ‘ಸ್ವಾಮಿ, ದೇವರ ಗೂಡಿನಾಗೆ ನಮ್ಮತ್ತೆ ಕುಂಕುಮದ ಭರಣಿ ಉಳ್ಕೊಂಡೈತೆ. ಬೀಗ ಹಾಕೋವಾಗ ತಗೊಳಾಕಾಗ್ಲಿಲ್ಲ. ಅದಕ್ಕೊಂದು ಅರ್ಜಿ ಬರ್ಕೊಡ್ತೀರಾ?’

ಪಡಸಾಲೆಯಲ್ಲೇ ಕೂತು ಬರೆದೆ. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಹುಡುಗ ಚೀಲವನ್ನು ಗೋಡೆಗೆ ಒರಗಿಸಿಟ್ಟು, ಅರ್ಜಿಯ ಎರಡು ಜೆರಾಕ್ಸ್ ಮಾಡಿಸಿಕೊಂಡು ಬರುತ್ತೇನೆಂದು ಬಸ್‌ಸ್ಟ್ಯಾಂಡಿನ ಕಡೆ ಹೊರಟ.