ಮರ ಬಿಟ್ಟ ಗಿಟಾರ್: ಬೇಕಲೈಟ್‌ನಿಂದ ಕಾರ್ಬನ್ ಫೈಬರ್‌ವರೆಗೆ

ಮಾರಾಟಕ್ಕೆ ಬಂದು ಗೆದ್ದ ಮೊದಲ ಎಲೆಕ್ಟ್ರಿಕ್ ಗಿಟಾರ್‌ನ ಮೈ ಮರದ್ದಲ್ಲ. 1930ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನ ಜಾರ್ಜ್ ಬೀಚಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ತಂದ ಆ ವಾದ್ಯ ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಮಾದರಿಯದು, ಎರಕದ ಅಲ್ಯೂಮಿನಿಯಂನದು. ಆಕಾರ ನೋಡಿ ಜನ ಅದನ್ನು ‘ಫ್ರೈಯಿಂಗ್ ಪ್ಯಾನ್’ ಎಂದೇ ಕರೆದರು. ತೊಂದರೆ ಕಾಣಿಸಿದ್ದು ವೇದಿಕೆಯಲ್ಲಿ. ದೀಪಗಳ ಕಾವಿಗೆ ಲೋಹ ಹಿಗ್ಗಿ ಶ್ರುತಿ ಜಾರುತ್ತಿತ್ತು. ಅಚ್ಚು ತಯಾರಿಸುವುದೇ ಕಸುಬಾಗಿದ್ದ ರಿಕನ್‌ಬ್ಯಾಕರ್‌ಗೆ ಪರಿಹಾರ ದೂರವಿರಲಿಲ್ಲ. 1935ರಲ್ಲಿ ಮೈಯನ್ನೂ ನೆಕ್ಕನ್ನೂ ಬೇಕಲೈಟ್ ಎಂಬ ಪ್ಲಾಸ್ಟಿಕ್‌ನಲ್ಲಿ ಅಚ್ಚೊತ್ತಿದ ಮಾದರಿ ಹೊರಬಂತು.

ಬೇಕಲೈಟ್ ಗಟ್ಟಿ, ಆದರೆ ಭಾರ. ಅದಕ್ಕಾಗಿ ಮೈಯೊಳಗೆ ಟೊಳ್ಳು ಬಿಟ್ಟು ಮೇಲೆ ಲೋಹದ ತಗಡು ಮುಚ್ಚಿದರು, ಆಕಾರವನ್ನೂ ಕುಗ್ಗಿಸಿದರು. ಆದರೂ ಭಾರದ ಕಾಟ ತಪ್ಪಲಿಲ್ಲ. ಆವಿಷ್ಕಾರಕ ಡಾಕ್ ಕಾಫ್‌ಮನ್ ಅದೇ ಬೇಕಲೈಟ್ ಗಿಟಾರ್‌ನೊಳಗೆ ಮೋಟಾರು ಕೂರಿಸಿ, ಸ್ವರವನ್ನು ತಾನಾಗಿಯೇ ಕಂಪಿಸುವ ‘ವೈಬ್ರೋಲಾ’ ಮಾಡಿದಾಗ ಅದಕ್ಕೊಂದು ನಿಲುಗಂಬವನ್ನೇ ಒದಗಿಸಬೇಕಾಯಿತು. ಹೆಗಲಿಗೆ ಹಾಕಿಕೊಳ್ಳಲಾಗದ ಗಿಟಾರ್ ಅದು.

ಮರ ಬಿಡುವುದು ಎಲೆಕ್ಟ್ರಿಕ್ ಗಿಟಾರ್‌ಗೆ ಇಷ್ಟು ಸುಲಭವಾದದ್ದಕ್ಕೆ ಕಾರಣವಿದೆ. ಸಾದಾ ಗಿಟಾರ್‌ನಲ್ಲಿ ನಾದ ಹೊಮ್ಮುವುದು ತೆಳು ಹಲಗೆಯಿಂದ. ಅಲ್ಲಿ ಮರದ ಆಯ್ಕೆಯೇ ಮುಕ್ಕಾಲು ವಿದ್ಯೆ. ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್ ಎಂದರೆ ಅಯಸ್ಕಾಂತ ಮತ್ತು ತಂತಿಸುರುಳಿ. ಉಕ್ಕಿನ ತಂತಿ ಅದರೆದುರು ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಪಿಕಪ್ ಗಾಳಿಯ ಸದ್ದನ್ನು ಕೇಳುವುದಿಲ್ಲ, ತಂತಿಯ ಚಲನೆಯನ್ನಷ್ಟೇ ಓದುತ್ತದೆ. ಹಾಗಾಗಿ ಮೈಯ ಮುಖ್ಯ ಕೆಲಸ ತಂತಿಯನ್ನು ಬಿಗಿಯಾಗಿ ಹಿಡಿದಿಡುವುದು. ಇಷ್ಟು ತಿಳಿದಿದ್ದೂ ಮುಂದಿನ ತೊಂಬತ್ತು ವರ್ಷ ಮರವೇ ಆಳಿದ್ದೇಕೆ ಎಂಬುದು ಕೇಳಬೇಕಾದ ಪ್ರಶ್ನೆ. ನನಗೆ ಕಂಡಂತೆ ಕೃತಕ ವಸ್ತು ನಾದದ ಪರೀಕ್ಷೆಯಲ್ಲಿ ಎಂದೂ ಸೋತಿಲ್ಲ. ಸೋತಿದ್ದು ತೂಕದಲ್ಲಿ, ಬೆಲೆಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ನುಡಿಸುವವರ ಕಣ್ಣಿನಲ್ಲಿ.

ಎರಡನೆಯ ಅಲೆಯನ್ನು ಎಬ್ಬಿಸಿದ್ದು ಅಗ್ಗದ ಗಿಟಾರ್‌ನ ಆಸೆ. ನ್ಯೂಜೆರ್ಸಿಯ ನೇಥನ್ ಡೇನಿಯಲ್ 1950ರ ದಶಕದಲ್ಲಿ ತನ್ನ ಡ್ಯಾನೆಲೆಕ್ಟ್ರೋ ಗಿಟಾರ್‌ಗಳಿಗೆ ಮರದ ಚೌಕಟ್ಟಿನ ಮೇಲೆ ಮೇಸೊನೈಟ್ ಹಲಗೆ ಬಡಿದ. ಮರದ ನಾರನ್ನೇ ಒತ್ತಿ ಮಾಡಿದ ಹಲಗೆಯಾದ್ದರಿಂದ ಅದು ಪೂರ್ತಿ ಕೃತಕವಲ್ಲ, ಆದರೆ ‘ಒಳ್ಳೆಯ ಮರ’ ಬೇಕೆಂಬ ಹಠವನ್ನು ಕೈಬಿಟ್ಟದ್ದಂತೂ ಹೌದು. ಸಿಯರ್ಸ್ ಅಂಗಡಿಯ ಮೂಲಕ ಶಾಲಾ ಹುಡುಗರ ಕೈ ಸೇರಿದ ಆ ಅಗ್ಗದ ವಾದ್ಯವನ್ನೇ ಮುಂದೆ ಲೆಡ್ ಜೆಪೆಲಿನ್‌ನ ಜಿಮ್ಮಿ ಪೇಜ್ ವೇದಿಕೆಯಲ್ಲಿ ನುಡಿಸಿದ.

ಇನ್ನೂ ಧೈರ್ಯ ತೋರಿದ್ದು ಶಿಕಾಗೋದ ವ್ಯಾಲ್ಕೊ. 1960ರ ದಶಕದಲ್ಲಿ ಅದು ‘ರೆಸೊ-ಗ್ಲಾಸ್’ ಹೆಸರಿನಲ್ಲಿ ಫೈಬರ್‌ಗ್ಲಾಸ್ ಗಿಟಾರ್‌ಗಳನ್ನು ತಂದಿತು. ಅಚ್ಚಿನಲ್ಲಿ ಎರಡು ಚಿಪ್ಪು ಮಾಡಿ, ನಡುವೆ ಮರದ ದಿಮ್ಮಿಯಿಟ್ಟು, ಅಂಚಿಗೆ ಪಟ್ಟಿ ಸುತ್ತಿ ಜೋಡಿಸುವ ವಿಧಾನ ಅದು. ಅಚ್ಚಿಗೆ ಯಾವ ಆಕಾರವಾದರೂ ಒಗ್ಗುವುದರಿಂದ ಅಮೆರಿಕದ ಭೂಪಟದಂಥ ಮೈಯ ಗಿಟಾರೂ ಬಂತು. ಕೇ ಕಂಪನಿಯ ಜೊತೆ ಸೇರಿಕೊಂಡ ವ್ಯಾಲ್ಕೊ 1968ರಲ್ಲಿ ಬಾಗಿಲು ಹಾಕಿತು. ಹಲವು ದಶಕಗಳ ನಂತರ ‘ದಿ ವೈಟ್ ಸ್ಟ್ರೈಪ್ಸ್’ನ ಜ್ಯಾಕ್ ವೈಟ್ ಆ ಕಾರ್ಖಾನೆಯ ಕೆಂಪು ‘ಏರ್‌ಲೈನ್’ ಹಿಡಿದು ನಿಂತಾಗ ಅದಕ್ಕೆ ಮತ್ತೆ ಬೇಡಿಕೆ ಕುದುರಿತು. ಆಮೇಲೆ ನಡೆದದ್ದು ತಮಾಷೆಯೇ: ಈಸ್ಟ್‌ವುಡ್ ಕಂಪನಿ ಅದರ ನಕಲನ್ನು ಮಾಹಾಗನಿ ಮರದಲ್ಲಿ ಮಾಡಿ ಮಾರಿತು.

1969ರಲ್ಲಿ ಆಂಪೆಗ್ ಕಂಪನಿಗಾಗಿ ಡ್ಯಾನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಗಿಟಾರ್ ಮಾತ್ರ ಪ್ಲಾಸ್ಟಿಕ್ ಎಂಬುದನ್ನು ಮುಚ್ಚಿಡಲಿಲ್ಲ. ಮೈ ಅಕ್ರಿಲಿಕ್‌ನದು, ಆಚೆಯದು ಈಚೆ ಕಾಣುವಷ್ಟು ಪಾರದರ್ಶಕ. ಪಿಕಪ್ಪನ್ನು ಎಳೆದು ತೆಗೆದು ಬೇರೊಂದನ್ನು ಸರಿಸಬಹುದಿತ್ತು. ಆ ಪಿಕಪ್‌ಗಳನ್ನು ರೂಪಿಸಿದವನು ಬಿಲ್ ಲಾರೆನ್ಸ್. ಅದೇ ವರ್ಷ ರೋಲಿಂಗ್ ಸ್ಟೋನ್ಸ್‌ನ ಅಮೆರಿಕ ಪ್ರವಾಸದಲ್ಲಿ ಕೀತ್ ರಿಚರ್ಡ್ಸ್ ಕೈಯಲ್ಲಿ ಅದು ಮಿಂಚಿತು. ಆದರೆ ಅಕ್ರಿಲಿಕ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.2 ಗ್ರಾಂ. ಗಿಟಾರ್‌ಗೆ ಬಳಸುವ ಆಲ್ಡರ್ ಮರದ್ದು ಅದರ ಅರ್ಧಕ್ಕಿಂತ ಕಡಿಮೆ. ಎರಡು ಗಂಟೆಯ ಕಛೇರಿಯಲ್ಲಿ ಈ ಲೆಕ್ಕ ಹೆಗಲಿಗೆ ತಿಳಿಯುತ್ತದೆ. 1971ರ ಹೊತ್ತಿಗೆ ತಯಾರಿಕೆ ನಿಂತಿತು.

ಅಲ್ಲಿಯವರೆಗಿನ ವಸ್ತುಗಳೆಲ್ಲ ಮರಕ್ಕಿಂತ ಭಾರ, ಇಲ್ಲವೇ ಮರಕ್ಕಿಂತ ಮೆದು. ಹಗುರವೂ ಬಿಗಿಯೂ ಆದದ್ದು ಬಂದದ್ದು ಬಾಹ್ಯಾಕಾಶ ಉದ್ಯಮದಿಂದ. ಕ್ಯಾಲಿಫೋರ್ನಿಯಾದ ಫೋರ್ಡ್ ಏರೋಸ್ಪೇಸ್‌ನಲ್ಲಿದ್ದ ಜೆಫ್ ಗೂಲ್ಡ್, ಕಾರ್ಬನ್ ಫೈಬರ್‌ನಿಂದ ಗಿಟಾರ್ ನೆಕ್ ಮಾಡಿದರೆ ಹೇಗೆಂದು ಯೋಚಿಸಿದ. 1970ರ ದಶಕದ ಕೊನೆಗೆ ಅಲೆಂಬಿಕ್ ಕಂಪನಿಯ ಬೇಸ್ ಗಿಟಾರ್‌ಗೆ ಅಂಥ ನೆಕ್ ಕೂತಿತು. ಗೂಲ್ಡ್‌ನ ಸ್ವಂತ ಕಂಪನಿ ಮಾಡ್ಯುಲಸ್ ಗ್ರಾಫೈಟ್ ಹುಟ್ಟಿತು.

ನೆಕ್ಕಿನಿಂದಲೇ ಆರಂಭಿಸಿದ್ದರಲ್ಲಿ ಜಾಣತನವಿತ್ತು. ಬೇಸ್ ನುಡಿಸುವವರಿಗೆ ‘ಡೆಡ್ ಸ್ಪಾಟ್’ ಗೊತ್ತು: ಯಾವುದೋ ಒಂದು ಫ್ರೆಟ್ಟಿನಲ್ಲಿ ಮಾತ್ರ ಸ್ವರ ಮೀಟಿದೊಡನೆ ಸತ್ತುಹೋಗುತ್ತದೆ. ಮ್ಯೂನಿಕ್‌ನ ಸಂಶೋಧಕ ಹೆಲ್ಮುಟ್ ಫ್ಲೈಷರ್ 1990ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಆ ಸ್ವರದ ಕಂಪನಕ್ಕೆ ನೆಕ್ ತಾನೂ ಅಲುಗಿ, ತಂತಿಯ ಶಕ್ತಿಯನ್ನು ಹೀರಿಬಿಡುತ್ತದೆ. ಅಂದರೆ ವಸ್ತುವಿನ ಗುಣ ನಿಜವಾಗಿ ಲೆಕ್ಕಕ್ಕೆ ಬರುವುದು ಮೈಯಲ್ಲಿ ಅಲ್ಲ, ನೆಕ್ಕಿನಲ್ಲಿ. ಮರವಾದರೆ ಮಳೆಗಾಲಕ್ಕೊಂದು ಬಾಗು, ಬೇಸಿಗೆಗೊಂದು ಬಾಗು. ಕಾರ್ಬನ್‌ಗೆ ತೇವದ ಹಂಗಿಲ್ಲ.

ಈ ಎಳೆಯನ್ನು ತುದಿ ಮುಟ್ಟಿಸಿದವನು ನೆಡ್ ಸ್ಟೈನ್‌ಬರ್ಗರ್. ಆತ ವಾದ್ಯ ಕಟ್ಟುವ ಮನೆತನದವನಲ್ಲ, ಬ್ರೂಕ್ಲಿನ್‌ನಲ್ಲಿ ಪೀಠೋಪಕರಣ ವಿನ್ಯಾಸ ಮಾಡುತ್ತಿದ್ದವನು. ಬಿರಡೆಗಳ ಭಾರಕ್ಕೆ ಬೇಸ್ ಗಿಟಾರ್‌ನ ತಲೆ ಕೆಳಗೆ ವಾಲುವುದನ್ನು ಕಂಡು, ತಲೆಯನ್ನೇ ತೆಗೆದುಹಾಕಿದ. ಬಿರಡೆಗಳು ಬಾಲಕ್ಕೆ ಬಂದವು. ಮೈ ದೋಣಿಯ ಹುಟ್ಟಿನಷ್ಟು ಕಿರಿದಾಯಿತು. ಮೈ-ನೆಕ್ ಎರಡೂ ಸೇರಿ ಎಪಾಕ್ಸಿಯಲ್ಲಿ ಕೂಡಿಸಿದ ಕಾರ್ಬನ್ ಮತ್ತು ಗಾಜಿನ ಎಳೆಗಳ ಒಂದೇ ಅಚ್ಚು. ಒಳಗೆ ಟೊಳ್ಳು, ಮೇಲೊಂದು ಮುಚ್ಚಳ, ಆ ಮುಚ್ಚಳಕ್ಕೇ ಪಿಕಪ್. ಮೈಗೂ ನೆಕ್ಕಿಗೂ ನಡುವೆ ಕೀಲಿಲ್ಲ, ಅಂಟಿಲ್ಲ. 1981ರಲ್ಲಿ ಅಮೆರಿಕದ ಕೈಗಾರಿಕಾ ವಿನ್ಯಾಸಕಾರರ ಸಂಘ ಅದಕ್ಕೆ ಪ್ರಶಸ್ತಿ ಕೊಟ್ಟಿತು. ಸ್ಟಿಂಗ್, ಗೆಡ್ಡಿ ಲೀ ಬೇಸ್ ಹಿಡಿದರು. ಆರು ತಂತಿಯ ಮಾದರಿಯನ್ನು ಅಲನ್ ಹೋಲ್ಡ್ಸ್‌ವರ್ತ್, ಎಡ್ಡಿ ವ್ಯಾನ್ ಹ್ಯಾಲನ್ ನುಡಿಸಿದರು. ಮುಂದೆ ಆತನ ಕಂಪನಿ ಗಿಬ್ಸನ್ ಪಾಲಾಯಿತು. 1980ರ ದಶಕದ ಸಂಗೀತದ ಜೊತೆ ಆ ರೂಪ ಎಷ್ಟು ಬೆಸೆದುಕೊಂಡಿತೆಂದರೆ, ದಶಕ ಮುಗಿದ ಮೇಲೆ ವಾದ್ಯದ ಗುಣಕ್ಕಿಂತ ಹಳೆ ಫ್ಯಾಷನ್ನೇ ಎದ್ದು ಕಂಡಿತು.

ಸ್ಕಾಟ್ಲೆಂಡಿನ ಬಾಂಡ್ ಎಲೆಕ್ಟ್ರಾಗ್ಲೈಡ್ ಗಿಟಾರ್‌ನ ಕಥೆ ಇನ್ನೂ ಬೇಗ ಮುಗಿಯಿತು. ಕಾರ್ಬನ್ ಮೈ, ಫ್ರೆಟ್ಟಿನ ಬದಲು ಮೆಟ್ಟಿಲಂಥ ಬೆರಳುಹಲಗೆ, ಗುಂಡಿ ಒತ್ತಿದರೆ ಹೊಳೆವ ಅಂಕಿಗಳು. ಒಂದೇ ವಾದ್ಯದಲ್ಲಿ ಇಷ್ಟೊಂದು ಹೊಸತು ತುರುಕಿದರೆ ಕೈಗೆ ಅಭ್ಯಾಸವಾದದ್ದು ಏನೂ ಉಳಿಯುವುದಿಲ್ಲ. 1980ರ ದಶಕದ ನಡುವಿನಲ್ಲೇ ಅದು ನಿಂತುಹೋಯಿತು.

1993ರಲ್ಲಿ ಬಂದ ಪಾರ್ಕರ್ ಫ್ಲೈ ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಅತ್ಯಂತ ವಿವೇಕದ ವಾದ್ಯ. ಕೆನ್ ಪಾರ್ಕರ್ ಮರದ ಮೇಲೆ ಯುದ್ಧ ಹೂಡಲಿಲ್ಲ. ಮೆದುವಾದ ಹಗುರ ಮರವನ್ನು ತೆಳ್ಳಗೆ ಕೆತ್ತಿ, ಬೆನ್ನಿಗೆ ಕಾರ್ಬನ್-ಗಾಜಿನ ಎಪಾಕ್ಸಿ ಪದರ ಹೊದಿಸಿದ. ಬಲವೆಲ್ಲ ಚರ್ಮದಲ್ಲಿ, ಮರ ಒಳಗಿನ ಹೂರಣ. ಬೆರಳುಹಲಗೆಯೂ ಕಾಂಪೋಸಿಟ್, ಅದಕ್ಕೆ ಅಂಟಿಸಿದ ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್. ಒಟ್ಟು ತೂಕ ಎರಡೂಕಾಲು ಕಿಲೋ ಆಸುಪಾಸು. ಆದರೂ ಕಂಪನಿ ಕೈಬದಲಾಗಿ, 2010ರ ದಶಕದಲ್ಲಿ ತಯಾರಿಕೆ ನಿಂತಿತು.

ನೆದರ್ಲೆಂಡ್ಸ್‌ನ ಅರಿಸ್ಟಿಡೀಸ್ ಕಂಪನಿ ಇನ್ನೊಂದು ದಾರಿ ಹಿಡಿದಿದೆ. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ನೆರವಿನಿಂದ ಬೆಳೆಸಿದ ‘ಏರಿಯಂ’ ಎಂಬ ದ್ರವವನ್ನು ಅಚ್ಚಿಗೆ ಹೊಯ್ದು ಗಟ್ಟಿಯಾಗಿಸುತ್ತಾರೆ. ಒಳಗೆಲ್ಲ ಸೂಕ್ಷ್ಮ ಗುಳ್ಳೆಗಳು. ಶ್ರುತಿ ಇಳಿಸಿ ನುಡಿಸುವ ಮೆಟಲ್ ಗಿಟಾರ್‌ಕಾರರು ಇದನ್ನು ಮೆಚ್ಚಿದ್ದಾರೆ. ಅವರಿಗೆ 1950ರ ದಶಕದ ಗಿಟಾರ್‌ಗಳ ಮೋಹ ಕಡಿಮೆ. ವಿನ್ಯಾಸಕ ಓಲಾಫ್ ಡೀಗೆಲ್ 3ಡಿ ಮುದ್ರಣದಲ್ಲಿ ನೈಲಾನ್ ಮೈಯ ಜಾಲರಿ ಗಿಟಾರ್ ಮಾಡಿದ್ದೂ ಈಚಿನ ಮಾತೇ. ಅದರ ನಡುವೆಯೂ ಮರದ ತಿರುಳಿದೆ.

‘ಮರದಿಂದಲೇ ನಾದ’ ಎಂಬ ವಾದ ಇನ್ನೂ ನಡೆದೇ ಇದೆ. ನ್ಯಾಶ್‌ವಿಲ್‌ನ ಗಿಟಾರ್ ವಾದಕ ಜಿಮ್ ಲಿಲ್ ಎರಡು ಮೇಜುಗಳ ನಡುವೆ ಗಾಳಿಯಲ್ಲಿ ತಂತಿ ಬಿಗಿದು, ಮೈಯೇ ಇಲ್ಲದ ಗಿಟಾರ್ ನುಡಿಸಿದ ವಿಡಿಯೊ ಆ ವಾದದ ಎರಡೂ ಕಡೆಯವರನ್ನು ಕೆಣಕಿತು. ಪಿಕಪ್ ಮತ್ತು ಅದರ ಸ್ಥಾನ ಹೊಂದಿಸಿದರೆ ಸದ್ದು ಒಳ್ಳೆಯ ಗಿಟಾರ್‌ನದಕ್ಕೆ ತೀರ ಹತ್ತಿರ ಬಂತು. ಆದರೂ ನಂಬಿಕೆ ಅಲುಗಿದಂತಿಲ್ಲ. ‘ಮರದ’ ಗಿಟಾರ್ ಎಂದು ನಾವು ಹಿಡಿಯುವುದರಲ್ಲೂ ಅನೇಕ ವೇಳೆ ಬೆರಳಿಗೆ ತಾಗುವುದು ಪಾಲಿಯೆಸ್ಟರ್ ಮೆರುಗು ಎಂಬುದು ಬೇರೆ ಮಾತು.

ಕೃತಕ ವಸ್ತು ನಿಜಕ್ಕೂ ಗೆದ್ದದ್ದು ಸಣ್ಣ ಭಾಗಗಳಲ್ಲಿ, ಕಾನೂನಿನ ಕೈಹಿಡಿದು. ಬ್ರೆಜಿಲ್‌ನ ರೋಸ್‌ವುಡ್ ವಿರಳವಾದ ಮೇಲೆ ಜಗತ್ತಿನ ಗಿಟಾರ್‌ಗಳ ಬೆರಳುಹಲಗೆಗೆ ಆಸರೆಯಾದದ್ದು ನಮ್ಮ ಬೀಟೆ, ಪಶ್ಚಿಮ ಘಟ್ಟದಲ್ಲೂ ಬೆಳೆಯುವ, ಮೈಸೂರಿನ ಇನ್‌ಲೇ ಕುಶಲಕರ್ಮಿಗಳು ಬಲ್ಲ ಅದೇ ಮರ. 2011ರಲ್ಲಿ ಅಮೆರಿಕದ ಅಧಿಕಾರಿಗಳು ಮರದ ಅಕ್ರಮ ಆಮದಿನ ಶಂಕೆಯಿಂದ ಗಿಬ್ಸನ್ ಗಿಟಾರ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ವಶಪಡಿಸಿಕೊಂಡದ್ದರಲ್ಲಿ ಭಾರತದಿಂದ ಹೋದ ಬೀಟೆಯೂ ಕರಿಮರವೂ ಇದ್ದವು. ಮರುವರ್ಷ ಕಂಪನಿ 3 ಲಕ್ಷ ಡಾಲರ್ ದಂಡ ತೆತ್ತು ಒಪ್ಪಂದಕ್ಕೆ ಬಂತು. 2017ರ ಜನವರಿಯಿಂದ ಬೀಟೆಯ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಪಾಯದಲ್ಲಿರುವ ಜೀವಿಗಳನ್ನು ಕಾಯುವ ಸೈಟಿಸ್ ಒಪ್ಪಂದದಡಿ ಕಾಗದಪತ್ರ ಬೇಕಾಯಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತದ್ದು 2019ರ ಕೊನೆಗೆ.

ಈ ಗಲಾಟೆಯ ಕಾಲದಲ್ಲೇ ಗಿಬ್ಸನ್ ತನ್ನ ಕೆಲವು ದುಬಾರಿ ಗಿಟಾರ್‌ಗಳಿಗೆ ಕರಿಮರದ ಬದಲು ‘ರಿಚ್‌ಲೈಟ್’ ಹಾಕಿತು. ಕಾಗದದ ಪದರಗಳನ್ನು ಫೀನಾಲಿಕ್ ರಾಳದಲ್ಲಿ ನೆನೆಸಿ ಒತ್ತಿದ ಹಲಗೆ ಅದು, ರಸಾಯನದಲ್ಲಿ ಬೇಕಲೈಟ್‌ನ ನೇರ ವಂಶ. ಕೊಂಡವರು ಗೊಣಗಿದ್ದು ಹೆಸರು ಕೇಳಿದಾಗ. ತಂತಿ ಕೂರುವ ನಟ್ಟಿನಲ್ಲಿ ಮೂಳೆಯ ಜಾಗಕ್ಕೆ ಪ್ಲಾಸ್ಟಿಕ್ ಬಂದು, ನೆಕ್ಕಿನೊಳಗೆ ಕಾರ್ಬನ್ ಸರಳು ಸೇರಿ ಎಷ್ಟೋ ವರ್ಷವಾಯಿತು. ಅದರ ಬಗ್ಗೆ ದೂರಿಲ್ಲ. ನಮ್ಮ ವೀಣೆಯ ಸೋರೆಬುರುಡೆಯ ಜಾಗಕ್ಕೂ ಫೈಬರ್ ಬುರುಡೆ ಹೀಗೇ ಗದ್ದಲವಿಲ್ಲದೆ ಬಂತು.

2020ರಲ್ಲಿ ಫೆಂಡರ್ ತನ್ನ ಸಾಮಾನ್ಯ ಮಾದರಿಗಳಿಂದ ಆಶ್ ಮರವನ್ನು ಕೈಬಿಟ್ಟಿತು. ಕಾರಣ ಆ ಮರಗಳನ್ನು ಕೊಲ್ಲುತ್ತಿರುವ ಒಂದು ದುಂಬಿ ಮತ್ತು ಮಿಸಿಸಿಪ್ಪಿ ತೀರದ ನೆರೆ. ಅದರ ಬದಲಿಗೆ ಆಯ್ದುಕೊಂಡದ್ದು ಬೇರೆ ಮರಗಳನ್ನೇ. ಕಾಡು ಉಳಿಸಲು ಕಾರ್ಬನ್ ಗಿಟಾರ್ ಎಂಬ ಮಾತನ್ನೂ ತೂಗಿ ನೋಡಬೇಕು: ಎಪಾಕ್ಸಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು, ಕಾರ್ಬನ್ ಎಳೆ ತಯಾರಿಸಲು ತಗಲುವ ಇಂಧನವೂ ಕಡಿಮೆಯಲ್ಲ. ಚೀನಾದ ಎನ್ಯಾದಂಥ ಕಂಪನಿಗಳು ಈಗ ಕಾರ್ಬನ್ ಬೆರೆಸಿದ ಪಾಲಿಕಾರ್ಬೊನೇಟ್ ಗಿಟಾರ್‌ಗಳನ್ನು ಹೊಸಬರಿಗೆ ನಿಲುಕುವ ಬೆಲೆಯಲ್ಲಿ ಮಾರುತ್ತಿವೆ. ಗಿಟಾರ್ ಎಂದರೆ ಮರ ಎಂಬ ಎಣಿಕೆಯೇ ಇಲ್ಲದ ಗಿರಾಕಿ ಸಿಗುವುದು ಆ ಅಂಗಡಿಗಳಲ್ಲಿ.