ತೀರ್ಪೂ ತಕರಾರೂ

ಇಬ್ಬರ ನಡುವೆ ನಿಂತವನಿಗೆ ತೀರ್ಪು ಹೇಳುವುದು ಅರ್ಧ ಕೆಲಸ ಮಾತ್ರ. ಹೇಳಿದ ಮೇಲೆ ಏಳುವ ತಕರಾರನ್ನು ನಿಭಾಯಿಸುವುದು ಉಳಿದರ್ಧ; ಹೆಚ್ಚು ಕಷ್ಟವಾದುದೂ ಅದೇ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಈ ಕಷ್ಟವು ಎಲ್ಲರ ಕಣ್ಣೆದುರಿಗೇ ನಡೆಯುತ್ತದೆ. ತೀರ್ಪು ಸರಿಬೀಳದಿದ್ದರೆ ತಂಡದ ಮ್ಯಾನೇಜರನು ತಾನೇ ಮೈದಾನಕ್ಕಿಳಿದು ಅಂಪೈರನೊಡನೆ ಮುಖಾಮುಖಿ ವಾದಿಸುವುದು ಅಲ್ಲಿಯ ಹಳೆಯ ರೂಢಿ. 1905ರಿಂದ 1941ರವರೆಗೆ ಅಂಪೈರರಾಗಿದ್ದ ಬಿಲ್ ಕ್ಲೆಮ್ ಅವರು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿದ್ದರು. ಬೂಟಿನ ತುದಿಯಿಂದ ನೆಲದ ಮೇಲೆ ಒಂದು ಗೆರೆಯನ್ನೆಳೆದು, ಅದನ್ನು ದಾಟಕೂಡದೆಂದು ಹೇಳುವರು. ದಾಟಿದವನಿಗೆ ಅಂದಿನ ಆಟ ಮುಗಿದಂತೆಯೇ. ಆದರೂ ತಕರಾರು ನಿಲ್ಲಲಿಲ್ಲ. 2010ರಲ್ಲಿ ನಿವೃತ್ತರಾದ ಬಾಬಿ ಕಾಕ್ಸ್ ಎಂಬ ಮ್ಯಾನೇಜರರನ್ನು 150ಕ್ಕೂ ಹೆಚ್ಚು ಸಲ ಮೈದಾನದಿಂದ ಹೊರಗೆ ಕಳುಹಿಸಬೇಕಾಯಿತು.

2014ರಲ್ಲಿ ಅಲ್ಲಿಯ ಪ್ರಧಾನ ಲೀಗು ಬೇರೊಂದು ದಾರಿ ಹಿಡಿಯಿತು. ಹಲವು ಬಗೆಯ ತೀರ್ಪುಗಳನ್ನು ಚಿತ್ರದ ಸಹಾಯದಿಂದ ಮರಳಿ ಪರಿಶೀಲಿಸಬೇಕೆಂದು ಕೇಳುವ ಹಕ್ಕನ್ನು ಮ್ಯಾನೇಜರನಿಗೆ ಕೊಟ್ಟಿತು. ಆಕ್ಷೇಪವು ನಿಂತರೆ ಸರಿ. ಬಿದ್ದರೆ ಆ ಹಕ್ಕು ಅಂದಿಗೆ ಕಳೆದಂತೆ. ಕ್ರಿಕೆಟ್ಟಿನಲ್ಲಿಯೂ ಇಂತಹ ಏರ್ಪಾಡೇ ಉಂಟು. 2017ರ ಮಾರ್ಚಿಯಲ್ಲಿ ಬೆಂಗಳೂರಿನ ಟೆಸ್ಟ್ ಪಂದ್ಯದಲ್ಲಿ ಆಸ್ಟ್ರೇಲಿಯದ ನಾಯಕ ಸ್ಟೀವ್ ಸ್ಮಿತ್, ಔಟೆಂಬ ತೀರ್ಪಿನ ಮೇಲೆ ಮರುಪರಿಶೀಲನೆ ಕೇಳಬಹುದೇ ಎಂದು ಡ್ರೆಸಿಂಗ್ ರೂಮಿನ ಕಡೆ ತಿರುಗಿ ನೋಡಿದರು. ಅಂಪೈರ್ ನೈಜೆಲ್ ಲಾಂಗ್ ನಡುವೆ ಬಂದು ತಡೆದರು. ತಕರಾರಿಗೆ ಅವಕಾಶವುಂಟು, ಆದರೆ ಅದಕ್ಕೊಂದು ಕ್ರಮವುಂಟು, ಬೆಲೆಯೂ ಉಂಟು ಎಂಬುದೇ ಈ ನಿಯಮಗಳ ತಿರುಳು.

ಇದನ್ನು ಈ ಕಾಲದ ಶೋಧವೆಂದು ಎಣಿಸುವವರು ಕಲಬುರಗಿಯ ಸೀಮೆಯ ಕಡೆಗೆ ಒಮ್ಮೆ ದೃಷ್ಟಿ ಹಾಯಿಸಬೇಕು. ಅಮರ್ಜಾ ಹೊಳೆ ಹರಿಯುವ ಆಳಂದ, ಭೀಮೆಯ ದಡದ ಅಫಜಲಪುರ ಮತ್ತು ಜೇವರ್ಗಿ, ಈ ನಾಡೆಲ್ಲವೂ ಒಂದು ಕಾಲದಲ್ಲಿ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿತ್ತು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಜೇವರ್ಗಿಗೆ ದೂರವಲ್ಲದ, ಶಹಾಬಾದಿನ ಬಳಿಯ ಮರತೂರು ಅವನ ಊರೆಂದು ಆ ಕಡೆಯವರು ಅಭಿಮಾನದಿಂದ ಹೇಳುತ್ತಾರೆ. ಮಿತಾಕ್ಷರಾ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಪಿತ್ರಾರ್ಜಿತ ಆಸ್ತಿಯ ಪಾಲು ಮಾತ್ರ ನೆನಪಿಗೆ ಬರುವುದು. ಆದರೆ ವಾದಿಸುವವರನ್ನು ತೀರ್ಪುಗಾರನು ಹೇಗೆ ಕಾಣಬೇಕೆಂಬ ವಿಚಾರವೂ ಅದರ ವ್ಯವಹಾರಕಾಂಡದಲ್ಲಿ ವಿಸ್ತಾರವಾಗಿದೆ.

ವ್ಯವಹಾರಕ್ಕೆ ನಾಲ್ಕು ಪಾದಗಳು: ವಾದಿಯ ಹೇಳಿಕೆ, ಪ್ರತಿವಾದಿಯ ಉತ್ತರ, ಪ್ರಮಾಣ, ನಿರ್ಣಯ. ವಾದಿಯ ಮಾತನ್ನು ಪ್ರತಿವಾದಿಯ ಎದುರಿನಲ್ಲಿಯೂ, ಪ್ರತಿವಾದಿಯ ಉತ್ತರವನ್ನು ವಾದಿಯ ಎದುರಿನಲ್ಲಿಯೂ ಬರೆಯಿಸಬೇಕು. ಬೆನ್ನ ಹಿಂದಿನ ಮಾತಿಗೆ ಇಲ್ಲಿ ಎಡೆಯಿಲ್ಲ. ಸುಳ್ಳುಗಾರನ ಲಕ್ಷಣಗಳನ್ನೂ ಸ್ಮೃತಿಯು ಎಣಿಸುತ್ತದೆ: ನಿಂತಲ್ಲಿ ನಿಲ್ಲನು, ಕಟವಾಯಿಯನ್ನು ನೆಕ್ಕುವನು, ಹಣೆಯಲ್ಲಿ ಬೆವರುವನು, ಮಾತು ತೊದಲುವುದು, ಮುಖದ ಬಣ್ಣ ಬದಲಾಗುವುದು. ಆದರೆ ಇಷ್ಟರಿಂದಲೇ ಅವನು ಸೋತನೆಂದು ಹೇಳಲಾಗದೆಂದು ವಿಜ್ಞಾನೇಶ್ವರನು ಎಚ್ಚರಿಸುತ್ತಾನೆ. ಇವು ಸಂಶಯಕ್ಕೆ ಮಾತ್ರ ಎಡೆಗೊಡುತ್ತವೆ. ಸ್ವಭಾವದಿಂದ ಬಂದ ವಿಕಾರ ಯಾವುದು, ದೋಷದಿಂದ ಬಂದುದು ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. ಸಾಯುವ ಲಕ್ಷಣ ಕಂಡಿತೆಂದು ಬದುಕಿರುವವನಿಗೆ ಯಾರೂ ಉತ್ತರಕ್ರಿಯೆ ಮಾಡುವುದಿಲ್ಲವಷ್ಟೆ ಎಂಬುದು ಅವನ ವಾದ. ಕೂಗಾಡುವವನ ಮುಖವನ್ನು ನೋಡಿ ತೀರ್ಪು ಕೊಡಬಾರದೆಂಬುದಕ್ಕೆ ಇದಕ್ಕಿಂತ ಚೆನ್ನಾದ ಉಪಮಾನವು ದೊರೆಯದು.

ಸೋತವನು ಸುಮ್ಮನಿರದಿದ್ದರೆ? ಅವನಿಗೂ ಬಾಗಿಲು ಮುಚ್ಚಿಲ್ಲ. ಬಂಧುಗಳ ಕುಲ, ಒಂದೇ ಕಸುಬಿನವರ ಶ್ರೇಣಿ, ನಾನಾ ಕಸುಬಿನವರು ಒಂದೆಡೆ ವಾಸಿಸುವ ಪೂಗ, ಅರಸನು ನೇಮಿಸಿದ ಅಧಿಕಾರಿಗಳು, ಹೀಗೆ ಒಂದಕ್ಕಿಂತ ಒಂದು ಮೇಲಾದ ನ್ಯಾಯಸ್ಥಾನಗಳುಂಟು. ಕೆಳಗಿನ ತೀರ್ಪನ್ನು ಮೇಲಿನವರು ಮರಳಿ ನೋಡಬಹುದು. ಆದರೆ ನ್ಯಾಯವಾಗಿ ಸೋತೂ ತಾನು ಸೋತಿಲ್ಲವೆಂದು ಮರಳಿ ಬಂದವನು ಮತ್ತೆ ಸೋತರೆ, ಅವನಿಗೆ ಇಮ್ಮಡಿ ದಂಡ. ಹಟದ ತಕರಾರಿಗೆ ಬೆಲೆ ಕಟ್ಟುವ ಯುಕ್ತಿಯು ಹೊಸದಲ್ಲವೆಂಬುದು ಇದರಿಂದ ವಿಶದವಾಗುತ್ತದೆ.

ಇಷ್ಟೇ ಆಗಿದ್ದರೆ ಇದು ತೀರ್ಪುಗಾರನಿಗೆ ಅನುಕೂಲವಾದ ಶಾಸ್ತ್ರವಾಗುತ್ತಿತ್ತು. ಆದರೆ ದಂಡವು ಅವನ ಕಡೆಗೂ ತಿರುಗುತ್ತದೆ. ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ತಪ್ಪು ತೀರ್ಪು ಕೊಟ್ಟ ಸಭ್ಯರು ಒಬ್ಬೊಬ್ಬರೂ ಬೇರೆಬೇರೆಯಾಗಿ ಇಮ್ಮಡಿ ದಂಡವನ್ನು ತೆರಬೇಕು. ಕೆಟ್ಟ ತೀರ್ಪನ್ನು ಅರಸನು ಮರಳಿ ವಿಚಾರಿಸಿದಾಗ, ಅದರಿಂದ ಗೆದ್ದವನಿಗೂ ಶಿಕ್ಷೆ ತಪ್ಪದು. ಇಲ್ಲಿ ವ್ಯಾಖ್ಯಾನಕಾರನು ಒಂದು ಸೂಕ್ಷ್ಮವನ್ನು ತೋರಿಸುತ್ತಾನೆ. ಈ ಇಮ್ಮಡಿ ದಂಡವು ರಾಗ, ಲೋಭ, ಭಯಗಳಿಗೆ ಮಾತ್ರ. ಅರಿಯದೆ ಆದ ತಪ್ಪಿಗಲ್ಲ. ಕಣ್ಣಿನ ತಪ್ಪು ಬೇರೆ, ಮನಸ್ಸಿನ ತಪ್ಪು ಬೇರೆ. ಮೊದಲನೆಯದನ್ನು ತಿದ್ದಿದರೆ ಸಾಕು, ಎರಡನೆಯದನ್ನು ದಂಡಿಸಬೇಕು.

ಇದು ಶಾಸ್ತ್ರದ ಮಾತು. ಊರೂರಿನ ಕಟ್ಟೆಯಲ್ಲಿಯೂ ಹೀಗೆಯೇ ನಡೆಯಿತೆಂದು ನಾವು ವಾದಿಸುವುದಿಲ್ಲ. ಆದರೆ ಜಾತ್ರೆಯ ಕುಸ್ತಿಯಲ್ಲಾಗಲಿ, ಹೊಲದ ಬದುವಿನ ಜಗಳದಲ್ಲಾಗಲಿ, ದೀಪಗಳು ಬೆಳಗುವ ಮಹಾನಗರದ ಕ್ರೀಡಾಂಗಣದಲ್ಲಾಗಲಿ, ಸೋತವನು ತಲೆಬಾಗಿ ಮನೆಗೆ ಹೋಗುವುದು ತೀರ್ಪುಗಾರನ ಗಟ್ಟಿದನಿಗೆ ಅಂಜಿಯಲ್ಲ. ತನ್ನ ಮಾತು ಕ್ರಮವಾಗಿ ಕೇಳಲ್ಪಟ್ಟಿತೆಂಬ ಸಮಾಧಾನವೂ, ಕೇಳಿದವನು ಪಕ್ಷಪಾತಿಯಾದರೆ ಅವನಿಗೂ ದಂಡವುಂಟೆಂಬ ನಂಬಿಕೆಯೂ ಅವನಿಗೆ ಬೇಕು. ಕ್ಲೆಮ್ ಅವರ ಗೆರೆಯು ಮಾತನಾಡುವವನ ಕಾಲ ಮುಂದೆ ಮಾತ್ರ ಇತ್ತು. ಯಾಜ್ಞವಲ್ಕ್ಯನೂ ವಿಜ್ಞಾನೇಶ್ವರನೂ ತೀರ್ಪುಗಾರನ ಕಾಲ ಮುಂದೆಯೂ ಒಂದು ಗೆರೆಯನ್ನೆಳೆದರು.