ಬೆನ್ನ ಹಿಂದಿನ ಗುರುತು: ಕೊಡಗಿನ ಉಡುಗೆ ಮತ್ತು ಲಿಂಗಗ್ರಹಿಕೆ

ಕೊಡವ ಗಂಡಸಿನ ಕುಪ್ಯವನ್ನು ಚೇಲೆ, ಕತ್ತಿಗಳಿಂದ ಬೇರ್ಪಡಿಸಿ ನೋಡುವ ರೂಢಿ ನಮಗಿಲ್ಲ. ಹಾಗೆ ನೋಡಿದರೆ ಅದು ಮೊಣಕಾಲಿನವರೆಗೆ ಇಳಿಯುವ, ಅರ್ಧತೋಳಿನ ಕಪ್ಪು ನಿಲುವಂಗಿ, ಅಷ್ಟೆ. ಗಂಡಸುತನವನ್ನು ಸಾರುವಂಥದ್ದು ಅದರ ಹೊಲಿಗೆಯಲ್ಲಿ ಏನೂ ಇಲ್ಲ. ನಡುವಿಗೆ ಕೆಂಪು ರೇಷ್ಮೆಯ ಚೇಲೆ ಬಿಗಿದು, ಮುಂದೆ ಪೀಚೆಕತ್ತಿ ಸಿಕ್ಕಿಸಿ, ಹಿಂದೆ ತೋಡಂಗ್ ಎಂಬ ಕೊಕ್ಕೆಗೆ ಅಗಲ ಅಲಗಿನ ಒಡಿಕತ್ತಿ ಇಟ್ಟ ಮೇಲೆ ಅದೇ ಬಟ್ಟೆ ವೀರನ ಉಡುಪಾಗುತ್ತದೆ. ಪೀಚೆಕತ್ತಿಯ ಬೆಳ್ಳಿ ಕುಸುರಿಯನ್ನೂ ಸರಪಳಿಯನ್ನೂ ಕಂಡವರಿಗೆ, ಆಭರಣ ಹೆಣ್ಣಿನದು ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ನಿಲ್ಲದೆಂಬುದು ಹೊಳೆಯುತ್ತದೆ. ಕೊಡಗಿನಲ್ಲಿ ಗಂಡನ್ನು ಗುರುತಿಸಿಕೊಟ್ಟದ್ದು ಬಟ್ಟೆಗಿಂತ ಹೆಚ್ಚಾಗಿ ಆಯುಧ ಎಂಬುದು ಈ ಲೇಖನದ ವಾದ.

ಈ ಗುರುತು ಉಡುಗೆಗಿಂತ ಮೊದಲೇ ಬೀಳುತ್ತದೆ. ಗಂಡುಮಗು ಹುಟ್ಟಿದಾಗ ಗಾಳಿಯಲ್ಲಿ ಗುಂಡು ಹಾರಿಸುವುದು, ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಅದರ ಕೈಗಿಡುವುದು ಹಳೆಯ ಪದ್ಧತಿ. ಕೂಸಿನ ಮೈಮೇಲೆ ಇನ್ನೂ ಬಟ್ಟೆಯೇ ಇರುವುದಿಲ್ಲ, ಕೈಯಲ್ಲಿ ಬಿಲ್ಲಿರುತ್ತದೆ! ಮದುವೆಯ ದಿನ ಗಂಡು ಬಿಳಿ ಕುಪ್ಯ ತೊಡುತ್ತಾನೆ. ಕತ್ತಿ ಮಾತ್ರ ಬದಲಾಗುವುದಿಲ್ಲ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡವರ ಅಧ್ಯಯನದಲ್ಲಿ ‘ಮಂಗಲ’ ಎಂಬ ಆಚರಣೆಗೆ ದೊಡ್ಡ ಸ್ಥಾನವಿದೆ. ಮದುವೆ ಅದರ ಒಂದು ರೂಪ ಮಾತ್ರ. ಹುಲಿ ಕೊಂದವನನ್ನು ಮದುಮಗನಂತೆ ಸಿಂಗರಿಸಿ ಕೂರಿಸಿ ಹರಸುತ್ತಿದ್ದ ನರಿಮಂಗಲವೂ (ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ) ಮಂಗಲವೇ. ಮದುಮಗನಿಗೂ ಬೇಟೆಗಾರನಿಗೂ ಒಂದೇ ವೇಷ ಸಲ್ಲುವಲ್ಲಿ ಗಂಡಸುತನದ ಅಳತೆಗೋಲು ಯಾವುದೆಂದು ಬೇರೆ ಹೇಳಬೇಕಿಲ್ಲ.

1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆ ಬಂದ ಅಧಿಕಾರಿಗಳು, ಮಿಷನರಿಗಳು ಈ ಹಬ್ಬದುಡುಗೆಯನ್ನೇ ಜನಾಂಗದ ಸ್ವಭಾವವೆಂದು ಓದಿಕೊಂಡರು. ‘ಯೋಧ ಜನಾಂಗ’ ಎಂಬ ವಸಾಹತುಶಾಹಿ ವರ್ಗೀಕರಣಕ್ಕೆ ಒಡಿಕತ್ತಿ ಒಳ್ಳೆಯ ಸಾಕ್ಷಿಯಾಗಿ ಒದಗಿತು. ಗದ್ದೆಯ ಕೆಸರಿನಲ್ಲಿ ಉಳುತ್ತಿದ್ದ ಕೊಡವ ಆ ಚಿತ್ರದಲ್ಲಿ ಕಾಣಿಸುವುದಿಲ್ಲ.

ಇನ್ನು ಹೆಣ್ಣಿನ ಉಡುಗೆ. ಕೊಡವತಿಯ ಸೀರೆಯ ನೆರಿಗೆ ಹಿಂದಕ್ಕಿರುತ್ತದೆ. ಸೆರಗು ಬೆನ್ನ ಕಡೆಯಿಂದ ಬಂದು ಬಲಭುಜದ ಬಳಿ ಗಂಟಾಗುತ್ತದೆ. ತಲೆಗೆ ಕಟ್ಟುವ ವಸ್ತ್ರದ ಗಂಟೂ ಹಿಂದೆಯೇ. ಗಂಡಿನ ಒಡಿಕತ್ತಿಯೂ ಬೆನ್ನಿಗೇ ಎಂಬುದನ್ನು ಇದರೊಂದಿಗೆ ಇಟ್ಟು ನೋಡಬೇಕು. ಎರಡೂ ಲಿಂಗಗಳ ಮುಖ್ಯ ಗುರುತು ಹಿಂದುಗಡೆಯೇ ಇದೆ, ಆದರೆ ಅವುಗಳ ಅರ್ಥ ಬೇರೆ. ನದಿಯಾಗಿ ಹರಿದುಹೊರಟ ಕಾವೇರಿಯನ್ನು ಬಲಮುರಿಯಲ್ಲಿ ತಡೆಯಹೋದಾಗ ನೀರಿನ ಸೆಳೆತಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತೆಂದು ಐತಿಹ್ಯ. ಬೆಟ್ಟ ಹತ್ತಲು, ಗದ್ದೆ ಕೆಲಸಕ್ಕೆ ಇದು ಅನುಕೂಲ ಎಂಬ ವಿವರಣೆಯೂ ಇದೆ, ಅದು ನಂಬುವಂತೆಯೂ ಇದೆ. ಆದರೆ ನನಗೆ ಮುಖ್ಯವೆನಿಸುವುದು ಕಥೆಯ ರೀತಿ: ಗಂಡು ಕತ್ತಿಯನ್ನು ತಾನೇ ಸಿಕ್ಕಿಸಿಕೊಳ್ಳುತ್ತಾನೆ, ಹೆಣ್ಣಿನ ನೆರಿಗೆಯನ್ನು ನದಿ ಸರಿಸುತ್ತದೆ. ಮನುಷ್ಯರು ಮಾಡಿಕೊಂಡ ಕಟ್ಟಳೆಗೆ ದೈವದ ಒಪ್ಪಿಗೆ ಸಿಗುವುದು ಹೀಗೆ.

ಕೊಡಗಿನ ಉಡುಗೆಯೆಂದರೆ ಕೊಡವರ ಉಡುಗೆ ಎಂದು ನಿಲ್ಲಿಸುವ ಅಭ್ಯಾಸ ನಮ್ಮ ಅಧ್ಯಯನಗಳದ್ದು. ಅದೇ ದೊಡ್ಡ ಕೊರತೆ. ತಿತಿಮತಿ ಬಳಿಯ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆಹಬ್ಬದಲ್ಲಿ ಜೇನುಕುರುಬ, ಯರವ ಗಂಡಸರು ಹೆಣ್ಣುವೇಷ ತೊಟ್ಟು ಬೀದಿಗಿಳಿಯುತ್ತಾರೆ. ಡಬ್ಬ ಬಡಿಯುತ್ತ, ವಾಹನ ತಡೆದು ಕಾಸು ಕೇಳುತ್ತ, ಎದುರಾದವರನ್ನೆಲ್ಲ ಬೈಯುತ್ತಾರೆ. ತಮ್ಮ ಜೊತೆ ಬೇಟೆಗೆ ಬಂದ ದೇವರು ಅಯ್ಯಪ್ಪ ಭದ್ರಕಾಳಿಗೆ ಮನಸೋತು ತಮ್ಮನ್ನು ಕಾಡಿನಲ್ಲೇ ಬಿಟ್ಟುಹೋದನೆಂಬ ಸಿಟ್ಟು ಈ ಬೈಗುಳಕ್ಕೆ ಹೇಳುವ ಕಾರಣ. ವರ್ಷವಿಡೀ ಕಾಫಿತೋಟದಲ್ಲಿ ತಲೆತಗ್ಗಿಸಿ ದುಡಿಯುವವನು ಆ ದಿನ ತೋಟದ ಮಾಲೀಕನನ್ನೂ ಬೈಯಬಹುದು. ಮಾಲೀಕ ನಕ್ಕು ಹಣ ಕೊಡಬೇಕು. ಇಲ್ಲಿ ಹೆಣ್ಣುಡುಗೆ ತೊಟ್ಟವನನ್ನು ಹೆಣ್ಣೆಂದು ಯಾರೂ ಗ್ರಹಿಸುವುದಿಲ್ಲ. ಅವನ ನಾಲಗೆಗೆ ಅದು ಒಂದು ದಿನದ ರಹದಾರಿ. ವೇಷ ಹಾಕುವವರು ಹೆಚ್ಚಾಗಿ ಗಂಡಸರೇ ಎಂಬುದನ್ನು ಮರೆಯುವಂತಿಲ್ಲ. ಸೀರೆಯುಟ್ಟ ಗಂಡಸಿಗೆ ಸಿಕ್ಕ ಈ ಸಲಿಗೆ, ದಿನವೂ ಸೀರೆಯುಡುವ ತೋಟದ ಹೆಣ್ಣಾಳಿಗೆ ಸಿಗುವುದಿಲ್ಲ.

ಉತ್ತರ ಕರ್ನಾಟಕದ ಜೋಗಪ್ಪಗಳ ಸಂಗತಿ ಇದಕ್ಕೆ ವಿರುದ್ಧ. ಎಲ್ಲಮ್ಮನ ಹೆಸರಿನಲ್ಲಿ ಅವರು ಉಟ್ಟ ಸೀರೆ ಹಬ್ಬ ಮುಗಿದರೂ ಕಳಚುವಂಥದ್ದಲ್ಲ, ಬದುಕಿಡೀ ಉಳಿಯುವಂಥದ್ದು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಆ ಪರಂಪರೆಯವರು. ಒಂದೇ ಬಗೆಯ ಬಟ್ಟೆ ಒಂದೆಡೆ ಅಣಕ, ಇನ್ನೊಂದೆಡೆ ಅಸ್ತಿತ್ವ. ಲಿಂಗ ಮತ್ತೆ ಮತ್ತೆ ಮಾಡುವುದರಿಂದ ರೂಪುಗೊಳ್ಳುತ್ತದೆ ಎಂದು 1990ರಲ್ಲಿ ವಾದಿಸಿದ ಜುಡಿತ್ ಬಟ್ಲರ್ ಅವರ ಮಾತನ್ನು ಒಪ್ಪಿದರೂ, ಎಷ್ಟು ದಿನ ಮಾಡುತ್ತಾರೆ, ಯಾರ ಮುಂದೆ ಮಾಡುತ್ತಾರೆ ಎಂಬ ಪ್ರಶ್ನೆಗಳು ನಮ್ಮ ನೆಲದಲ್ಲಿ ತೂಕದವು.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಹೊತ್ತಿಗೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಈಗ ಹೆಂಗಸರೂ ಕೋವಿ ಹಿಡಿಯುತ್ತಾರೆ, ಹಿಂದಕ್ಕೆ ನೆರಿಗೆಯಿಟ್ಟ ಸೀರೆಯಲ್ಲೇ. ಪತ್ರಿಕೆಗಳು ಆ ಚಿತ್ರವನ್ನು ಸೋಜಿಗವೆಂಬಂತೆ ಅಚ್ಚುಹಾಕುತ್ತವೆ. ಸೀರೆ ಮತ್ತು ಕೋವಿ ಒಂದೇ ಚೌಕಟ್ಟಿನೊಳಗೆ ಹೊಂದುವುದಿಲ್ಲ ಎಂಬುದು ನೋಡುವವರ ಕಣ್ಣಿನ ಅಭ್ಯಾಸ, ಕಾನೂನಿನದ್ದಲ್ಲ. ಶಸ್ತ್ರ ಪರವಾನಗಿಯಿಂದ ಕೊಡಗಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ಸಲ್ಲುವುದು ಕೊಡವ ಜನಾಂಗದ ಪ್ರತಿಯೊಬ್ಬ ವ್ಯಕ್ತಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ. ಗಂಡಸರಿಗೆ ಮಾತ್ರ ಎಂದು ಅದರಲ್ಲಿ ಎಲ್ಲಿಯೂ ಇಲ್ಲ.